ಒಳಜೇಬು

ಬನ್ನಿಮಂಟಪದ ಹಿಂದಿನ ಓಣಿಗಳಲ್ಲಿ ದರ್ಜಿ ಸಿದ್ದಲಿಂಗಮ್ಮನ ಮನೆ ಎಲ್ಲಿ ಎಂದು ಕೇಳುವ ಅಗತ್ಯವೇ ಇರಲಿಲ್ಲ. ಓಣಿಯ ತುದಿಯಲ್ಲಿ ನಿಂತರೆ ಸಾಕು, ಅವಳ ಗಂಟಲೇ ದಾರಿ ತೋರಿಸುತ್ತಿತ್ತು. ಆ ಗಂಟಲು ಹುಟ್ಟಿನಿಂದ ಬಂದದ್ದಲ್ಲ. ಮಗಳು ನಯನಾಗೆ ಕಿವಿ ಕೇಳಿಸುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ, ಜೋರಾಗಿ ಕೂಗಿದರಾದರೂ ಕೇಳೀತೇನೋ ಎಂಬ ಆಸೆಯಲ್ಲಿ ಒಂದು ವರ್ಷ ಕೂಗಿ ಕೂಗಿ ಹಾಗಾಗಿತ್ತು.

ತೊಂಬತ್ತಮೂರನೇ ಇಸವಿಯಲ್ಲಿ ನಾಲ್ಕು ವರ್ಷದ ನಯನಾಳನ್ನು ಕಂಕುಳಲ್ಲಿ ಎತ್ತಿಕೊಂಡು, ಹೊಲಿಗೆ ಯಂತ್ರವನ್ನು ಗಂಡ ಸಣ್ಣಮಾದಯ್ಯನ ತಲೆ ಮೇಲೆ ಹೊರಿಸಿಕೊಂಡು, ಅವಳು ಟಿ. ನರಸೀಪುರದ ಕಡೆಯ ಹಳ್ಳಿಯಿಂದ ಮೈಸೂರಿಗೆ ಬಂದಳು. ಗಂಡನಿಗೆ ಅಕ್ಕಿ ಗಿರಣಿಯಲ್ಲಿ ಕೆಲಸ ಸಿಕ್ಕಿತು. ಮಗಳಿಗೆ ಕೃಷ್ಣಮೂರ್ತಿಪುರಂನ ಒಂದು ಹೆಂಚಿನ ಮನೆಯಲ್ಲಿ ನಡೆಯುತ್ತಿದ್ದ ತಾಯಂದಿರ ಶಾಲೆ ಸಿಕ್ಕಿತು. ಅಲ್ಲಿ ಮಗುವನ್ನು ಬಿಟ್ಟು ಹೋಗುವ ಹಾಗಿರಲಿಲ್ಲ. ತಾಯಿಯೂ ಪಕ್ಕದಲ್ಲೇ ಚಾಪೆಯ ಮೇಲೆ ಕೂತು, ಮಾತು ಕಲಿಸುವುದನ್ನು ಕಲಿತು, ಮನೆಗೆ ಹೋಗಿ ಕಲಿಸಬೇಕು. ಟೀಚರ್ ಸುಂದರಮ್ಮ ಮೊದಲ ದಿನವೇ ಎರಡು ಕಟ್ಟಳೆ ಹೇಳಿದ್ದರು. ದಿನಾ ಬೆಳಿಗ್ಗೆ ಶಾಲೆಗೆ ಬಂದ ಕೂಡಲೇ ಮಗುವಿನ ಕಿವಿ ಮಿಷನ್ನನ್ನು ತಾಯಿ ತನ್ನ ಒಂದು ಕಿವಿಗೆ ಇಟ್ಟುಕೊಂಡು, ಇನ್ನೊಂದನ್ನು ಬೆರಳಿನಿಂದ ಮುಚ್ಚಿ, ಸರಿಯಾಗಿ ಕೇಳುತ್ತಿದೆಯೇ ಎಂದು ನೋಡಬೇಕು. ಮಿಷನ್ನನ್ನು ಎಂದೂ ಬಟ್ಟೆಯಲ್ಲಿ ಮುಚ್ಚಬಾರದು.

ಏಕೆ ಮುಚ್ಚಬಾರದು ಎಂದು ಅವರು ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ. ನಾಚಿಕೆ ಬಿಡಿ ಎಂದು ಬುದ್ಧಿ ಹೇಳುತ್ತಿದ್ದಾರೆ ಎಂದೇ ಎಲ್ಲ ತಾಯಂದಿರೂ ತಿಳಿದರು.

ಆಗಿನ ಮಿಷನ್ನೆಂದರೆ ಬೆಂಕಿಪೊಟ್ಟಣಕ್ಕಿಂತ ದೊಡ್ಡ ಡಬ್ಬಿ. ಅದನ್ನು ಮೇಲ್ತುದಿ ಹೊರಗಿಣುಕುವಂತೆ ಕ್ಯಾನ್ವಾಸ್ ಚೀಲದಲ್ಲಿಟ್ಟು, ಪಟ್ಟಿ ಬಿಗಿದು, ಮಗುವಿನ ಎದೆಯ ಮೇಲೆ ಕಟ್ಟುತ್ತಿದ್ದರು. ಅಲ್ಲಿಂದ ಎರಡು ವೈರು ಕಿವಿಗೆ, ತುದಿಯಲ್ಲಿ ಕಿವಿಯೊಳಗೆ ಕೂರುವ ಅಚ್ಚು. ನಯನಾಳನ್ನು ಹಾಗೆ ಕಟ್ಟಿಕೊಂಡು ನಾದಿನಿಯ ಮದುವೆಗೆ ಹೋದಾಗ ಅತ್ತೆ ಎಲ್ಲರೆದುರು ಕೇಳಿದ್ದಳು: "ಇದೇನವ್ವ, ಕೂಸ್ಗೆ ಎತ್ತಿನಂಗೆ ಜೂಲು ಕಟ್ಕೊಂಡು ಬಂದಿದ್ದೀಯ?" ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದ ಹಾಗಾಯಿತು. ಸಿದ್ದಲಿಂಗಮ್ಮ ಊರಿಂದ ವಾಪಸು ಬಂದವಳೇ ಯಂತ್ರದ ಮುಂದೆ ಕೂತಳು. ಫ್ರಾಕಿನ ಒಳಗೆ, ಎದೆಯ ನಡುವೆ, ಮೆತ್ತನೆಯ ಫ್ಲಾನಲ್ ಹಾಕಿ ಒಂದು ಜೇಬು ಹೊಲಿದಳು. ವೈರು ಬೆನ್ನ ಕಡೆಯಿಂದ ಹೋಗಿ ಕೂದಲಲ್ಲಿ ಅಡಗುವಂತೆ ದಾರಿ ಮಾಡಿದಳು. ಹೊರಗಿನವರಿಗೆ ಏನೆಂದರೆ ಏನೂ ಕಾಣದು. ಅಂಥ ಹೊಲಿಗೆ ಅವಳ ಕೈಯಿಂದ ಹಿಂದೆಂದೂ ಬಂದಿರಲಿಲ್ಲ.

ಶಾಲೆಯ ತಾಯಂದಿರಿಗೆ ಗೊತ್ತಾಗಲು ಎಷ್ಟು ಹೊತ್ತು? "ಅಕ್ಕ, ನನ್ನ ಮಗೀಗೂ ಒಂದು ಹೊಲ್ಕೊಡಿ" ಎಂದು ಒಬ್ಬೊಬ್ಬರಾಗಿ ಬಂದರು. ಹಾಗೆ ಬಂದವರಿಗೆಲ್ಲ ಸಿದ್ದಲಿಂಗಮ್ಮನ ಮನೆ ತವರಾಯಿತು. ಕೊಳ್ಳೇಗಾಲದಿಂದ, ಹುಣಸೂರಿನಿಂದ ಮಗು ಎತ್ತಿಕೊಂಡು ಬಂದವರಿಗೆ ಅವಳೇ ಬಾಡಿಗೆ ಕೋಣೆ ಹುಡುಕಿದಳು. ಸೊಸೆಯನ್ನು ಶಾಲೆಗೆ ಕಳಿಸದ ಅತ್ತೆಯರ ಬಾಗಿಲಿಗೆ ಹೋಗಿ ಜಗಳವಾಡಿ ಬಂದಳು. ಗಂಡ ಬಿಟ್ಟವರ ಕಣ್ಣೀರು ಒರೆಸಿದಳು. ಜೇಬು ಹೊಲಿದದ್ದಕ್ಕೆ ಯಾರಿಂದಲೂ ಕಾಸು ಮುಟ್ಟಲಿಲ್ಲ.

ಶಾಲೆಯಲ್ಲಿ ಕ್ಯಾನ್ವಾಸ್ ಚೀಲ, ಶಾಲೆಯ ಬೀದಿ ತಿರುಗಿದ ಕೂಡಲೇ ಒಳಜೇಬು. ಎಂಟು ವರ್ಷ ಇದು ಸುಂದರಮ್ಮನವರಿಗೆ ಗೊತ್ತಾಗದಂತೆ ನಡೆಯಿತು. ಅವರಿಗೆ ಗೊತ್ತಿದ್ದದ್ದು ಒಂದೇ: ಶಾಲೆಯಲ್ಲಿ ಕರೆದರೆ ತಿರುಗಿ ನೋಡುವ ಮಗು ಮನೆಯಲ್ಲಿ ಮಿಷನ್ ಕಿತ್ತೆಸೆಯುತ್ತದೆ. "ಮನೇಲಿ ನೀವು ಮಾತಾಡಿಸ್ತಾ ಇಲ್ಲ ಕಣ್ರೀ, ಬರೀ ಅಡುಗೆಮನೆ ಸೇರ್ಕೋತೀರ" ಎಂದು ಅವರು ತಾಯಂದಿರನ್ನು ಗದರುತ್ತಿದ್ದರು. ಬೈಸಿಕೊಂಡವರು ಸಿದ್ದಲಿಂಗಮ್ಮನ ಮನೆಗೆ ಬಂದು ಅಳುತ್ತಿದ್ದರು. ಅವಳು ಟೀ ಕಾಸಿಕೊಟ್ಟು ಸಮಾಧಾನ ಹೇಳುತ್ತಿದ್ದಳು: "ಅವ್ರಿಗೇನು ಗೊತ್ತವ್ವ ನಮ್ಮ ಕಷ್ಟ? ಅವ್ರ ಮನೇಲಿ ಅತ್ತೆ ಇದ್ದಾರಾ, ಮಾವ ಇದ್ದಾರಾ?"

ಎರಡು ಸಾವಿರದ ಒಂದನೇ ಇಸವಿಯ ಒಂದು ಶನಿವಾರ ಮಧ್ಯಾಹ್ನ ಲಷ್ಕರ್ ಮೊಹಲ್ಲಾದ ಸುಷ್ಮಾ ಬರಿಗಾಲಲ್ಲೇ ಓಡಿ ಬಂದಳು. ಅವಳ ಮಗಳು ಲಾಸ್ಯಳಿಗೆ ಮೂರೂವರೆ ವರ್ಷ. ಶಾಲೆಗೆ ಸೇರಿ ಎಂಟು ತಿಂಗಳಾಗಿತ್ತು.

"ಅಕ್ಕ, ಸೋಮವಾರದಿಂದ ಶಾಲೆ ಬೇಡ ಅಂದ್ಬುಟ್ರು ಮಾವನೋರು. ಲಾಸ್ಯನ್ನ ಗುಂಡ್ಲುಪೇಟೆ ದೊಡ್ಡತ್ತೆ ಮನೇಲಿ ಬುಡ್ತಾರಂತೆ. ಗಾಡಿಗೂ ಹೇಳಾಯ್ತು. ಮಿಷನ್ನು ಹಾಕಿದ್ರೆ ಮಗು ಕಿರುಚುತ್ತೆ, ಕಿತ್ತು ಬಿಸಾಕುತ್ತೆ, ಅದಕ್ಕೆ ಹಿಂಸೆ ಕೊಡ್ತೀಯ ಅಂತಾರೆ. ನಾನಿಲ್ಲಿ, ಅದಲ್ಲಿ. ನಾನು ಹೆಂಗಕ್ಕ ಬದುಕ್ಲಿ?"

ಸಿದ್ದಲಿಂಗಮ್ಮ ಹೊಲಿಯುತ್ತಿದ್ದ ರವಿಕೆಯನ್ನು ಅರ್ಧಕ್ಕೆ ಬಿಟ್ಟು, ಕತ್ತರಿಯ ಚೀಲ ಎತ್ತಿಕೊಂಡು ಹೊರಟಳು. ಇಂಥ ಮಾವಂದಿರನ್ನು ಅವಳು ಬೇಕಾದಷ್ಟು ಕಂಡಿದ್ದಳು.

ಸುಷ್ಮಾಳ ಮಾವ ಸಿದ್ದಮಲ್ಲಪ್ಪನವರದು ಕೆಳಗೆ ಪಾತ್ರೆ ಅಂಗಡಿ, ಮೇಲೆ ಮನೆ. ಪಡಸಾಲೆಯಿಂದ ಒಳಕ್ಕೆ ಸಿದ್ದಲಿಂಗಮ್ಮನನ್ನು ಆ ಮನೆಯಲ್ಲಿ ಯಾರೂ ಕರೆದಿರಲಿಲ್ಲ, ಅವಳೂ ಅದನ್ನು ಕಂಡೂ ಕಾಣದವಳಂತೆ ಇದ್ದಳು. ಮರುದಿನ ಮನೆಯ ಕಿರಿಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಲಾಸ್ಯಳಿಗೆ ಹೊಸ ರೇಷ್ಮೆ ಲಂಗ, ರವಿಕೆ ತೊಡಿಸಿ ನೋಡುತ್ತಿದ್ದರು. ಮಿಷನ್ನು ಕಾಣಬಾರದೆಂಬ ಮಾವನ ಮಾತಿನಂತೆ, ಮಗುವಿನ ಉಳಿದ ಬಟ್ಟೆಗಳ ಹಾಗೆ ಈ ರವಿಕೆಯ ಒಳಗೂ ಸಿದ್ದಲಿಂಗಮ್ಮ ಹೋದ ವಾರ ಹೊಲಿದುಕೊಟ್ಟ ಜೇಬು, ಜೇಬಿನಲ್ಲಿ ಮಿಷನ್ನು. ಮಗು ಅಳುತ್ತಾ ಕಿವಿಯ ಅಚ್ಚು ಕಿತ್ತು ಎಸೆಯುತ್ತಿತ್ತು.

"ನೋಡಮ್ಮ, ನೀನೇ ನೋಡು" ಎಂದರು ಸಿದ್ದಮಲ್ಲಪ್ಪ. "ಎಂಟು ತಿಂಗಳಿಂದ ಇದೇ ಗೋಳು. ಕೂಸನ್ನ ಗೋಳಾಡಿಸಿ ಏನು ಸಾಧನೆ ಮಾಡ್ಬೇಕು?"

"ಸೆಲ್ಲು ಹೋಗಿರ್ಬೇಕು ಯಜಮಾನ್ರೇ, ತಾಳಿ" ಎಂದು ಸಿದ್ದಲಿಂಗಮ್ಮ ಮೊಣಕಾಲೂರಿ ಕೂತಳು. ಶಾಲೆಯ ಅಭ್ಯಾಸದಂತೆ ಲಾಸ್ಯಳ ಅಚ್ಚನ್ನು ತನ್ನ ಕಿವಿಗೆ ಒತ್ತಿ ಹಿಡಿದು, ಇನ್ನೊಂದು ಕಿವಿಗೆ ಬೆರಳಿಟ್ಟಳು. ಡಬ್ಬಿ ಮಾತ್ರ ಮಗುವಿನ ಎದೆಯ ಮೇಲೆ, ಜೇಬಿನೊಳಗೇ ಇತ್ತು. ಶಾಲೆಯಲ್ಲಿ ನೋಡುವಾಗ ಯಾವತ್ತೂ ಅದು ಮೇಜಿನ ಮೇಲೆ ಇರುತ್ತಿತ್ತು.

ಕಿವಿಯೊಳಗೆ ಜೋಳದ ಮೂಟೆಯನ್ನು ಯಾರೋ ದರದರನೆ ಎಳೆದ ಹಾಗಾಯಿತು. ಮಗು ಉಸಿರೆಳೆದರೆ ಒಂದು ಸಲ, ಬಿಟ್ಟರೆ ಒಂದು ಸಲ. ಕೈ ಎತ್ತಿತು, ತಗಡು ಉಜ್ಜಿದ ಹಾಗೆ. ಎದುರಿಗೆ ಸುಷ್ಮಾ ಬಾಯಿ ತೆರೆದು "ಲಾಸ್ಯ, ಲಾಸ್ಯ" ಎನ್ನುತ್ತಿದ್ದದ್ದು ತುಟಿಯಲ್ಲಿ ಕಾಣಿಸುತ್ತಿತ್ತು, ಕಿವಿಗೆ ಒಂದಕ್ಷರವೂ ಬರಲಿಲ್ಲ. ಬಟ್ಟೆಯ ಸದ್ದು ತಾಯಿಯ ಮಾತನ್ನು ಪೂರ್ತಿ ನುಂಗಿಬಿಟ್ಟಿತ್ತು.

ಅವಳು ಡಬ್ಬಿಯನ್ನು ಜೇಬಿನಿಂದ ಹೊರಗೆ ತೆಗೆದಳು. "ಲಾಸ್ಯ" ಎಂಬುದು ಆಗ ಸ್ಪಷ್ಟವಾಗಿ ಕೇಳಿತು. ತಿರುಗಿ ಒಳಗಿಟ್ಟಳು. ಮತ್ತೆ ಮೂಟೆ ಎಳೆಯುವ ಸದ್ದು. ಮೂರು ಸಲ ಹೀಗೆ ಮಾಡಿ ನೋಡಿದಳು, ತನ್ನದೇ ತಪ್ಪಿರಬಾರದು ಎಂದು ಮನಸ್ಸಿನಲ್ಲೇ ಮಲೆ ಮಾದಪ್ಪನನ್ನು ಬೇಡಿಕೊಂಡಳು. ಮಾದಪ್ಪ ಆ ದಿನ ಅವಳ ಕಡೆ ಇರಲಿಲ್ಲ.

ಸುಮ್ಮನೆ ಎದ್ದು ಹೋಗಬಹುದಿತ್ತು. ಸೆಲ್ಲು ಬದಲಿಸಿ, ಇನ್ನು ಮೇಲೆ ಹೊರಗೇ ಕಟ್ಟಿ ಎಂದು ನೆಪ ಹೇಳಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು? ಆದರೆ ಗುಂಡ್ಲುಪೇಟೆಗೆ ಗಾಡಿ ಹೇಳಿಯಾಗಿತ್ತು. ನೆಪಕ್ಕೆ ನಿಲ್ಲುವ ಗಾಡಿ ಅದಲ್ಲ.

"ಯಜಮಾನ್ರೇ, ಮಗೀದೇನೂ ತಪ್ಪಿಲ್ಲ" ಎಂದಳು. ಅವಳ ಗಂಟಲು ಅಷ್ಟು ಸಣ್ಣಗಾದದ್ದನ್ನು ಸುಷ್ಮಾ ಎಂದೂ ಕೇಳಿರಲಿಲ್ಲ. "ನಾನು ಹೊಲ್ದ ಜೇಬಿನ ತಪ್ಪು. ಒಳಗಿಟ್ರೆ ಬರೀ ಬಟ್ಟೆ ಸದ್ದು ಬತ್ತದೆ. ಎಂಟು ತಿಂಗ್ಳಿಂದ ಮನೇಲಿ ಅದು ಕೇಳಿರೋದು ಅದೊಂದೇ. ಬನ್ನಿ, ನೀವೇ ಕಿವಿಗಿಟ್ಟು ನೋಡಿ."

ಸಿದ್ದಮಲ್ಲಪ್ಪ ಅನುಮಾನದಿಂದಲೇ ಬಗ್ಗಿದರು. ಅಚ್ಚು ಕಿವಿಗಿಟ್ಟ ಕ್ಷಣವೇ ಮುಖ ಕಿವುಚಿ ಕಿತ್ತರು, ಲಾಸ್ಯ ಕೀಳುತ್ತಿದ್ದ ಹಾಗೆಯೇ. ಸ್ವಲ್ಪ ಹೊತ್ತು ಅಚ್ಚನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರು.

"ತಿಳೀದೆ ಇರೋ ಕೆಲಸಕ್ಕೆ ಯಾಕಮ್ಮ ಕೈ ಹಾಕ್ದೆ?" ಎಂದು ಗದರಿದರು.

"ಮುಚ್ಚಿಡಿ ಅಂದೋರು ನೀವು, ಹೊಲ್ದೋಳು ನಾನು. ನಂದು ನಾನು ಒಪ್ಕೊಂಡಿದ್ದೀನಿ." ಕತ್ತರಿಯಿಂದ ಜೇಬು ಬಿಚ್ಚುತ್ತಲೇ ಹೇಳಿದಳು. ಅದನ್ನು ರೇಷ್ಮೆ ರವಿಕೆಯ ಹೊರಗೆ, ಎದೆಯ ಮೇಲೆ, ಎಲ್ಲರಿಗೂ ಕಾಣುವಂತೆ ಹೊಲಿದಳು. "ನಾಳೆ ಬರೋರಿಗೆ ಕಾಣುತ್ತೆ. ಬೇಡ ಅಂದ್ರೆ ಈಗ್ಲೇ ಹೇಳ್ಬುಡಿ."

ಸಿದ್ದಮಲ್ಲಪ್ಪ ಅಚ್ಚನ್ನು ಸುಷ್ಮಾಳ ಕೈಗೆ ಕೊಟ್ಟರು. ಅಂಗಡಿಗೆ ಇಳಿದುಹೋದರು. ಸೋಮವಾರ ಸುಷ್ಮಾ ಲಾಸ್ಯಳನ್ನು ಶಾಲೆಗೆ ಕರೆತಂದಳು. ಗಂಡಿನ ಕಡೆಯವರು ಇನ್ನೂ ಏನೂ ಹೇಳಿ ಕಳಿಸಿಲ್ಲ, ಮಾವನೋರು ನನ್ನ ಜೊತೆ ಮಾತು ಬಿಟ್ಟಿದ್ದಾರೆ ಎಂದಳು. ಗುಂಡ್ಲುಪೇಟೆಯ ಮಾತು ಮಾತ್ರ ಮತ್ತೆ ಏಳಲಿಲ್ಲ.

ಸಿದ್ದಲಿಂಗಮ್ಮ ಅಂದೇ ಸುಂದರಮ್ಮನವರಿಗೆ ಎಲ್ಲ ಹೇಳಿದಳು. ಬೈಗುಳಕ್ಕೆ ಸಿದ್ಧಳಾಗಿ ಹೋಗಿದ್ದಳು. ಟೀಚರು ಬೈಯದೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಯಾಕೆ ಮುಚ್ಚಬಾರದು ಅಂತ ನಾನು ಒಂದು ಮಾತು ಹೇಳ್ಬೇಕಿತ್ತು" ಎಂದರು.

ಅಲ್ಲಿಂದ ಮುಂದೆ ಅವಳು ಮನೆಮನೆ ತಿರುಗಿದಳು. ಎಂಟು ವರ್ಷದಲ್ಲಿ ಎಷ್ಟು ಜೇಬು ಹೊಲಿದಿದ್ದಳೋ, ಹೊಗಳಿಸಿಕೊಳ್ಳುವಾಗ ಲೆಕ್ಕವಿಟ್ಟಿರಲಿಲ್ಲ. ಮೊದಲು ಹೋದದ್ದು ಪಕ್ಕದ ಬೀದಿಯ ಪುಟ್ಟಮಾದಮ್ಮನ ಮನೆಗೆ. ಅವಳ ಮಗ ಗೌತಮ್ ಮೂರು ವರ್ಷದ ಹಿಂದೆ ಶಾಲೆ ಬಿಟ್ಟಿದ್ದ. ಅವನ ಮಿಷನ್ನು ಪೆಟ್ಟಿಗೆಯಲ್ಲಿತ್ತು. ಒಂಬತ್ತು ವರ್ಷದ ಹುಡುಗ ಬಾಗಿಲಲ್ಲಿ ಕೂತು, ಬಂದವಳನ್ನು ನೋಡಿ ನಕ್ಕ. ಅಕ್ಕ ಎನ್ನಲೂ ಅವನಿಗೆ ಬರುತ್ತಿರಲಿಲ್ಲ. ಪುಟ್ಟಮಾದಮ್ಮ ಎಲ್ಲವನ್ನೂ ಕೇಳಿಸಿಕೊಂಡು ತನ್ನ ಬಲಗೈ ನೋಡಿಕೊಂಡಳು.

"ಕಿತ್ತಾಗ್ಲೆಲ್ಲ ಇದೇ ಕೈಯಲ್ಲಿ ಹೊಡ್ದೆ ಕಣಕ್ಕ" ಎಂದಳು. ಸಿದ್ದಲಿಂಗಮ್ಮನನ್ನು ಒಂದು ಮಾತೂ ಬೈಯಲಿಲ್ಲ. ಕೂತುಕೋ ಎಂದೂ ಹೇಳಲಿಲ್ಲ.

ಕೊನೆಗೆ ಉಳಿದದ್ದು ತನ್ನದೇ ಮನೆ. ನಯನಾಗೆ ಹನ್ನೆರಡಾಗಿತ್ತು. ತುಟಿ ನೋಡಿ ಮಾತು ತಿಳಿಯುತ್ತಿದ್ದಳು. ತಾನೂ ತುಂಡು ತುಂಡಾಗಿ ಮಾತಾಡುತ್ತಿದ್ದಳು, ಮನೆಯವರಿಗೆ ಅರ್ಥವಾಗುತ್ತಿತ್ತು. ಐದು ವರ್ಷದವಳಿದ್ದಾಗ ಅವಳು ಅಮ್ಮನ ಕತ್ತರಿ ಕದ್ದು ಫ್ರಾಕಿನ ಎದೆಯನ್ನೇ ಕತ್ತರಿಸಿ, ಡಬ್ಬಿಯನ್ನು ಹೊರಕ್ಕೆ ಎಳೆದು ಹಿಡಿದು ನಿಂತಿದ್ದಳು. ಹೊಸ ಫ್ರಾಕು ಹಾಳಾಯಿತೆಂದು ಸಿದ್ದಲಿಂಗಮ್ಮ ಕೂಗಾಡಿ, ತೇಪೆ ಹಾಕಿ, ಮತ್ತೆ ಒಳಕ್ಕೇ ಹೊಲಿದಿದ್ದಳು. ಆಮೇಲೂ ಎರಡು ಸಲ ಹಾಗೇ ಆಗಿತ್ತು. ಮಗಳ ತುಂಟತನ ಎಂದು ಊರಿಗೆಲ್ಲ ಹೇಳಿಕೊಂಡು ನಕ್ಕಿದ್ದಳು.

ಈಗ ಮಗಳೆದುರು ಕೂತು, ತುಟಿ ಕಾಣುವಂತೆ, ನಿಧಾನವಾಗಿ ಹೇಳಿದಳು. ಜೇಬು. ಸದ್ದು. ನಾನು ಮಾಡಿದ್ದು. ನಂಗೊತ್ತಿರಲಿಲ್ಲ ಕಂದ.

ನಯನಾ ಅಮ್ಮನ ಬಾಯನ್ನೇ ನೋಡುತ್ತಿದ್ದಳು. ಮುಖದಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.

"ನಂಗೆ ಗೊತ್ತು" ಎಂದಳು. ಮುಂದಿನ ಮಾತು ಹುಡುಕಲು ಸ್ವಲ್ಪ ಹೊತ್ತು ಬೇಕಾಯಿತು. "ಆಗ... ಮಾತು ಇಲ್ಲ. ನಿಂಗೆ ಹೇಳಕ್ಕೆ."