ಕಾಲ್ಗುಣ

೧೯೬೧ರ ಮೇ ಹತ್ತು. ಉರಿಬಿಸಿಲು, ಗಾಳಿಯಿಲ್ಲ. ಸರಕಾರದ ಕಡೆಯಿಂದ ಹೊಲ ಅಳೆಯುವ ಮೋಜಣಿಗೆಂದು ಘೋಣಸಗಿಯಲ್ಲಿ ದಿನವಿಡೀ ನಡೆಯುತ್ತಿದ್ದೆ. ರಾತ್ರಿ ಮೀನಖಂಡ ಸೆಟೆದು ನಿದ್ದೆಯಿಲ್ಲ. ಹೀಗೇ ಆದರೆ ಕೆಲಸ ಬಿಡಬೇಕಾಗುತ್ತಿತ್ತು. ಬೆವರಿನಲ್ಲಿ ಉಪ್ಪು ಹೋಗಿದೆ, ಉಪ್ಪು ಹಾಕಿದ ಮಜ್ಜಿಗೆ ಕುಡಿಯಿರಿ ಎಂದಿದ್ದರು ವಿಜಾಪುರದ ಡಾಕ್ಟರು. ಕುಡಿಯುತ್ತಿದ್ದೆ.

ನಾನು ಇಳಿದುಕೊಂಡಿದ್ದ ಮನೆಯ ಮುದುಕಿ ಗಂಗವ್ವ ನನ್ನ ಕುಂಟು ನಡಿಗೆ ನೋಡಿದಳು.

"ಕಾಲು ಮುಂದಾಗಿ ಹುಟ್ಟಿದಾಕಿ ನಾ. ನಾ ಒದ್ದರ ಹಿಡಿದದ್ದು ಬಿಡತೈತಿ. ಸರಕಾರಕ್ಕ ಒದ್ದರ ಜೇಲಿಗಿ ಹಾಕ್ತೀರೇನ್ರಿ ಸಾಹೇಬ್ರ?"

ನಾಚುತ್ತಲೇ ಕಾಲು ಚಾಚಿದೆ. ಹಿಮ್ಮಡಿಯಿಂದ ಮೆಲ್ಲಗೆ ಒದ್ದಳು. ಅಂದು ನಿದ್ದೆ ಬಂತು. ಮಜ್ಜಿಗೆಯಿಂದಲೋ ಒದೆಯಿಂದಲೋ ತಿಳಿಯದು.

ಹೊರಡುವಾಗ ಅಂದೆ: "ನಿನ್ನ ಕಾಲ್ಗುಣ ಭಾಳ ಚಲೋ ಐತಿ, ಅವ್ವಾ. ಏನು ಕೊಡಲಿ?"

ಅವಳು ನಗಲಿಲ್ಲ.

"ರೊಕ್ಕ ತಗೋಬಾರದ್ರಿ. ಈ ಕಾಲ್ಗುಣಕ್ಕ ನಮ್ಮವ್ವ ನಾ ಹುಟ್ಟಿದ ದಿನಾನ ಜೀವಾ ಕೊಟ್ಟಾಳ."