ಕಬ್ಸಾ ತಟ್ಟೆಗೆ ಚುಚ್ಚಿದ ಥರ್ಮಾಮೀಟರ್

ರಕ್ತ ತೆಗೆಯುವ ಮುನ್ನ ನರ್ಸ್ ನನ್ನ ತೋಳನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿದಳು. ಆ ವಾಸನೆಗೆ ಸೌದಿಯ ದಮ್ಮಾಮಿನ ಹೋಟೆಲೊಂದರ ಅಡುಗೆಮನೆ ಕಣ್ಣಮುಂದೆ ಬಂತು, ಜೊತೆಗೆ ಆಡಿಟರ್ ಸಾಹೇಬರೂ. ಏನನ್ನೇ ಅಳೆಯುವ ಮೊದಲು ಅವರು ಥರ್ಮಾಮೀಟರಿನ ಮೊನೆಯನ್ನು ಹೀಗೇ ಒರೆಸುತ್ತಿದ್ದರು... ಮಗುವಿನ ಮೂಗು ಒರೆಸುವ ಹಾಗೆ.

ಮೈಸೂರಿನಲ್ಲಿ ಆಹಾರ ವಿಜ್ಞಾನ ಓದಿದ ನಾನು ಆಗ ಆ ಹೋಟೆಲಿನ ಸ್ವಚ್ಛತಾ ಅಧಿಕಾರಿ. ಹೆಸರಲ್ಲಿ ಮಾತ್ರ ಅಧಿಕಾರ. ನಮ್ಮ ವ್ಯವಸ್ಥೆ ನಿಜಕ್ಕೂ ನಡೆಯುತ್ತಿದೆಯೇ ಎಂದು ವರ್ಷಕ್ಕೊಮ್ಮೆ ಹೊರಗಿನ ಆಡಿಟ್ ಕಂಪನಿಯವರು ಬಂದು ನೋಡಬೇಕು. ಆ ಕಂಪನಿಯನ್ನು ಆರಿಸುವವರು ನಾವೇ, ಹಣ ಕೊಡುವವರೂ ನಾವೇ. ಪರೀಕ್ಷೆ ಬರೆಯುವವನೇ ಮೇಷ್ಟರಿಗೆ ಸಂಬಳ ಕೊಡುವ ಆ ಏರ್ಪಾಡನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ನಮ್ಮ ಮ್ಯಾನೇಜರ್ ಉಡುಪಿ ಕಡೆಯವನು. ಊರಿನವರಾದರೆ ಕಣ್ಣು ಮುಚ್ಚಿಕೊಳ್ಳುತ್ತಾರೆಂದು ಆ ವರ್ಷ ಬಂಟ್ವಾಳದ ಸಾಹೇಬರನ್ನೇ ಕೇಳಿ ಕರೆಸಿದ್ದ. ಬೆಳಿಗ್ಗೆ ಅವರು ನೋಡಿದ್ದೆಲ್ಲವೂ ಸರಿಯಾಗಿತ್ತು. ವಾರದಿಂದ ತಿಕ್ಕಿ ತೊಳೆದಿದ್ದೆವಲ್ಲ. ಮಧ್ಯಾಹ್ನ ಖರ್ಜೂರ, ಅರಬಿ ಕಾಫಿ ಆದ ಮೇಲೆ ಅವರ ಮುಂದೆ ಕಬ್ಸಾ ಬಂತು. ಸಂಜೆಯ ಮದುವೆಗೆಂದು ಬೆಳಿಗ್ಗೆಯೇ ಬೇಯಿಸಿಟ್ಟಿದ್ದ ಮಾಂಸದನ್ನ. ಸಾಹೇಬರು ಮೊನೆ ಒರೆಸಿ, ತಮಗೆ ಬಡಿಸಿದ ತಟ್ಟೆಗೇ ಥರ್ಮಾಮೀಟರ್ ಚುಚ್ಚಿದರು.

"ಎಂತ ಸಾಹೇಬ್ರೆ, ಊಟಕ್ಕೂ ಜ್ವರ ಉಂಟಾ?" ಎಂದು ಮ್ಯಾನೇಜರ್ ನಕ್ಕ.

ಅವರು ನಗಲಿಲ್ಲ. ಎದ್ದು ಹೋಗಿ, ಅನ್ನ ಬಂದ ಹಂಡೆಗೂ ಚುಚ್ಚಿದರು. ನಲವತ್ತೆರಡೋ, ಐವತ್ತೆರಡೋ... ಅರವತ್ತು ಡಿಗ್ರಿಯಂತೂ ಇರಲಿಲ್ಲ. ಅದಕ್ಕಿಂತ ಕಡಿಮೆ ಬಿಸಿಯಲ್ಲಿ ಗಂಟೆಗಟ್ಟಲೆ ಕೂತ ಅನ್ನ ವಿಷವಾಗುತ್ತದೆ.

"ಇದನ್ನು ಚೆಲ್ಲಿ. ನಾನು ಫೇಲ್ ಅಂತಲೇ ಬರೆಯುವುದು."

"ನಿಮ್ಮ ಇಕಾಮಾ ಮುಗೀಲಿಕ್ಕೆ ಆಯ್ತಲ್ಲ? ಕಂಪನಿ ಅದನ್ನು ಮುಂದುವರಿಸದಿದ್ರೆ ಈ ದೇಶದಲ್ಲಿ ಇರ್ಲಿಕ್ಕೆ ಉಂಟಾ? ನಿಮ್ಮ ಕಂಪನಿಗೆ ನಾವು ದೊಡ್ಡ ಗಿರಾಕಿ ಮಾರಾಯ್ರೆ. ಊರಿನವರು ಅಂತ ನಿಮ್ಮನ್ನು ಕರೆಸಿದ್ದು."

"ಹೌದಲ್ಲ, ಊರಿನವ. ನಾಳೆ ಮದುವೆ ಮನೆಯವರು ಆಸ್ಪತ್ರೆ ಸೇರಿದ್ರೆ ಊರಲ್ಲಿ ನಾನು ಎಂತ ಹೇಳಲಿ?"

ಈ ಮಾತು ಅವರು ಹೀಗೇ ಆಡಿದರೇ, ಅಥವಾ ನಾನೇ ಆಮೇಲೆ ಅವರ ಬಾಯಲ್ಲಿ ಇಟ್ಟೆನೇ? ಗೊತ್ತಿಲ್ಲ. ನನ್ನ ನೆನಪನ್ನು ನಾನು ನಂಬುವುದಿಲ್ಲ. ಆದರೆ ಅನ್ನ ಚೆಲ್ಲಿದ್ದು ನಿಜ. ಮದುವೆಗೆ ಹೊಸದಾಗಿ ಬೇಯಿಸಿದ್ದೂ ನಿಜ. ಮ್ಯಾನೇಜರ್ ಅದೇ ದಿನ ಅವರ ಕಂಪನಿಗೆ ಫೋನ್ ಮಾಡಿದ. ಆ ಇಕಾಮಾ ನವೀಕರಣವಾಗಲಿಲ್ಲ. ಸಾಹೇಬರು ಊರಿಗೆ ಹೋದರು. ಅವರ ಜಾಗಕ್ಕೆ ಬಂದವನು ಕಬ್ಸಾ ತಿಂದು, ಬೆರಳು ನೆಕ್ಕಿ, ನಮ್ಮನ್ನು ಪಾಸು ಮಾಡಿದ. ಸರ್ಟಿಫಿಕೇಟಿಗೆ ಚೌಕಟ್ಟು ಹಾಕಿಸಿ ಹೋಟೆಲಿನ ಬಾಗಿಲಲ್ಲೇ ತೂಗುಹಾಕಿದರು.

ಸಾಹೇಬರು ಕಳೆದ ವರ್ಷ ತೀರಿಕೊಂಡರಂತೆ. "ಹತ್ತಿ ಒತ್ತಿ ಹಿಡ್ಕೊಳ್ಳಿ" ಎಂದಳು ನರ್ಸ್. ಹಿಡಿದು ಕೂತೆ. ಆ ಅಂಕಿ ನಲವತ್ತೆರಡೋ, ಐವತ್ತೆರಡೋ... ಕೇಳೋಣವೆಂದರೆ ಅವರಿಲ್ಲ. ಮ್ಯಾನೇಜರ್ ಇದ್ದಾನೆ. ಕೇಳಿದರೆ ಎಪ್ಪತ್ತು ಎನ್ನುತ್ತಾನೆ.