ಯಜಮಾನರು ಚಹಾ ಕುಡಿದ ದಿನ

ಯಜಮಾನರ ಎಡಗಿವಿಯ ಹಾಲೆ ಹರಿದು ಎರಡಾಗಿತ್ತು. ಎದುರಿನವರ ಮಾತಿನಲ್ಲಿ ಏನೋ ಹುಳುಕಿದೆ ಅನ್ನಿಸಿದಾಗ ಆ ಸೀಳನ್ನು ಹೆಬ್ಬೆರಳಿನಿಂದ ಮೆಲ್ಲಗೆ ಸವರುತ್ತಿದ್ದರು. ಹೊನ್ನಾಳಿಯಲ್ಲಿ ಮನೆ, ಹೊಲ, ಸೈಟು ಕೊಡಿಸುವ ದಲ್ಲಾಳಿ ಅವರು. ಎಂಬತ್ತರ ದಶಕದ ಆರಂಭದಲ್ಲಿ, ಓದು ಅರ್ಧಕ್ಕೆ ಬಿಟ್ಟು ಅಲೆಯುತ್ತಿದ್ದ ನನ್ನನ್ನು ಅಪ್ಪ ಅವರ ಕೈಗೆ ಒಪ್ಪಿಸಿದರು.

ಆಗ ಅಪರಿಚಿತರ ಎದುರು ನನ್ನ ಬಾಯಿ ಒಣಗುತ್ತಿತ್ತು. ಗಿರಾಕಿ ಏನಾದರೂ ಕೇಳಿದರೆ ಸಾಕು, ನೆಲ ನೋಡುತ್ತಿದ್ದೆ. ಯಜಮಾನರು ಧೈರ್ಯ ತುಂಬಿದವರೇನಲ್ಲ. "ಅವ್ರು ನಿನ್ ಬಗ್ಗೆ ಏನ್ ಅಂದ್ಕಂತಾರೆ ಅನ್ನಾದು ಬಿಡು ತಮ್ಮಾ. ಮನೆ ತೋರ್ಸಾಕೆ ಬಂದಿದೀಯ, ಮನೆ ನೋಡು. ಗ್ವಾಡೆ ನೋಡು, ಹಿತ್ಲು ನೋಡು. ಕಣ್ಣಿಗೆ ಕೆಲ್ಸ ಕೊಟ್ರೆ ಎದೆ ಹೊಡ್ಕಳಾದು ತಾನೇ ನಿಲ್ತೈತೆ" ಅನ್ನುತ್ತಿದ್ದರು, ಅಷ್ಟೆ.

ಅವರು ಯಾರನ್ನೂ ನಂಬುತ್ತಿರಲಿಲ್ಲ. ಬಸವಾಪಟ್ಟಣದಲ್ಲಿ ತೋಟ ನೋಡಬೇಕಿದ್ದರೆ, ಮಾಲೀಕ ಹೇಳಿದ ಬಸ್ಸಿಗಿಂತ ಮೊದಲಿನ ಬಸ್ಸಿಗೇ ಹೋಗಿ ಪಕ್ಕದ ಹೊಲದವರ ಜೊತೆ ಬೀಡಿ ಸೇದುತ್ತಾ ಕೂತಿರುತ್ತಿದ್ದರು. ಮಾರುವವರು ಕೊಟ್ಟ ಚಹಾ ಮುಟ್ಟುತ್ತಿರಲಿಲ್ಲ. "ಚಾ ಕುಡುದ್ ಮ್ಯಾಲೆ ಬಾಯಿ ಮೆತ್ತಗಾಗ್ತೈತೆ. ಕೇಳ್ಬೇಕಾದ್ದು ಕೇಳಾಕಾಗಲ್ಲ." ಅವರ ಜೊತೆ ಓಡಾಡಿ ನನಗೂ ಆ ಚಾಳಿ ಅಂಟಿತು, ಕೊನೆಗೆ ಅವರನ್ನೇ ಅನುಮಾನಿಸುವಷ್ಟು.

ಜಗಳೂರಿನ ನಿವೃತ್ತ ಮೇಷ್ಟ್ರೊಬ್ಬರು ನ್ಯಾಮತಿಯಲ್ಲಿ ಮಗಳ ಮನೆಯ ಹತ್ತಿರ ಒಂದು ಮನೆ ಹುಡುಕುತ್ತಿದ್ದರು. ಯಜಮಾನರು ಮನೆಯೊಂದನ್ನು ಗೊತ್ತುಮಾಡಿ, "ಈ ಸಲ ಮಾತೆಲ್ಲ ನಿಂದು" ಎಂದರು. ಮನೆ ತೋರಿಸುವ ಹಿಂದಿನ ದಿನವೇ ಬಸ್ ಸ್ಟ್ಯಾಂಡ್ ಹೋಟೆಲಿನಲ್ಲಿ ಅವರು ಆ ಮನೆಯ ಮಾಲೀಕನ ಜೊತೆ ಪಿಸುಮಾತಾಡುತ್ತಾ ಕೂತಿದ್ದನ್ನು ಕಂಡಿದ್ದೆ. ನನ್ನನ್ನು ನೋಡಿದ ಕೂಡಲೇ ಇಬ್ಬರೂ ಸುಮ್ಮನಾಗಿದ್ದರು.

ಮೇಷ್ಟ್ರನ್ನು ಕರಕೊಂಡು ನ್ಯಾಮತಿಗೆ ಹೋದಾಗ ಮಾಲೀಕ ನಗುನಗುತ್ತಾ ಬರಮಾಡಿಕೊಂಡ. "ಖಾಲಿ ಮನೆ ಸಾರ್. ತಮ್ಮ ತೀರ್ಕಂಡ್ ಮ್ಯಾಲೆ ಇಲ್ಲಿ ಯಾರೂ ಇಲ್ಲ." ಹೋಟೆಲಿನಿಂದ ಚಹಾ ತರಿಸಿದ. ಯಜಮಾನರು ಲೋಟ ಎತ್ತಿ ಕುಡಿದೇಬಿಟ್ಟರು. ನಾನು ನನ್ನ ಲೋಟ ಮುಟ್ಟಲಿಲ್ಲ. ಮೇಷ್ಟ್ರು ಆಗಲೇ "ಮನೆ ಚೆನ್ನಾಗೈತೆ, ಮುಂದಿನ ಮಾತಾಡಾಣ" ಅನ್ನುತ್ತಿದ್ದರು.

ನಾನು ಎದ್ದು ಹಿತ್ತಲಿಗೆ ಹೋದೆ. ತಂತಿಯ ಮೇಲೆ ಆಗಷ್ಟೇ ಒಗೆದು ಹಾಕಿದ ಸೀರೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಒಳಗೆ ಬಂದು ನೋಡಿದರೆ ಹಿಂದಿನ ಕೋಣೆಗೆ ಹೊರಗಿನಿಂದ ಚಿಲಕ.

"ಇದನ್ನ ತೆಗೀರಿ," ಎಂದೆ.

"ಅಡಿಕೆ ಚೀಲ ಅದಾವಪ್ಪ, ಅಷ್ಟೆ."

"ಇರ್ಲಿ. ಮೇಷ್ಟ್ರು ತಗಳಾದು ಇಡೀ ಮನೆ. ತೆಗೀರಿ."

ನನ್ನ ದನಿ ನಡುಗಲಿಲ್ಲ. ಮಾಲೀಕ ಯಜಮಾನರ ಮುಖ ನೋಡಿದ. ಅವರು ಲೋಟದ ತಳ ನೋಡುತ್ತಿದ್ದರು. ನಾನೇ ಚಿಲಕ ಸರಿಸಿದೆ.

ಒಳಗೆ ಹೊಲಿಗೆ ಮಿಷನ್ನಿನ ಪಕ್ಕ ಒಬ್ಬ ಹೆಂಗಸು ನಿಂತಿದ್ದಳು. ತೀರಿಹೋದ ತಮ್ಮನ ಹೆಂಡತಿ. ಯಾರೋ ಗಂಡಸರು ಬರುತ್ತಾರೆ, ಸದ್ದು ಮಾಡದೆ ಒಳಗಿರು ಎಂದಷ್ಟೇ ಮಾಲೀಕ ಆಕೆಗೆ ಹೇಳಿದ್ದನಂತೆ. ಈಗ ಎಲ್ಲ ಕೇಳಿಸಿಕೊಂಡಿದ್ದಳು. "ಮನ್ಯಾಗೆ ಅರ್ಧ ನಂದಲ್ವಾ ಭಾವಾ? ನಾನೆಲ್ಲಿಗೆ ಹೋಗ್ಲಿ?" ಎಂದಳು. ಮೇಷ್ಟ್ರು ಆಕೆಗೆ ಕೈಮುಗಿದು ಹೊರಟರು.

ಬಸ್ಸಿಗೆ ಕಾಯುವಾಗ ಯಜಮಾನರನ್ನು ಕೇಳಿದೆ: "ನಿಮಗೆ ಗೊತ್ತಿತ್ತಾ?"

"ಅನುಮಾನ ಇತ್ತು. ನೀನು ಕೇಳ್ತೀಯೋ ಇಲ್ಲೋ ನೋಡಾಣ ಅಂತ ಸುಮ್ಕಿದ್ದೆ."

"ನಾನು ಕೇಳ್ದೆ ಇದ್ದಿದ್ರೆ?"

ಅವರು ಸವಳಂಗದ ರಸ್ತೆಯ ಕಡೆ ತಿರುಗಿ, "ಬಸ್ ಬಂತು, ಹತ್ತು" ಎಂದರು. ಬಸ್ಸು ಇನ್ನೂ ಬಂದಿರಲಿಲ್ಲ.

ಮುಂದೆ ಮೇಷ್ಟ್ರು ನನ್ನನ್ನೇ ಹುಡುಕಿಕೊಂಡು ಬಂದು ಬೇರೊಂದು ಮನೆ ಕೊಂಡರು. ಚನ್ನಗಿರಿಯಿಂದಲೂ ನನ್ನ ಹೆಸರು ಹೇಳಿಕೊಂಡು ಜನ ಬರತೊಡಗಿದರು. ಯಜಮಾನರ ಜೊತೆ ಇನ್ನೂ ಕೆಲವು ವರ್ಷ ದುಡಿದೆ. ಆ ಪ್ರಶ್ನೆಯನ್ನು ಮಾತ್ರ ಇಬ್ಬರೂ ಮತ್ತೆ ಎತ್ತಲಿಲ್ಲ. ನಾನು ತಿನ್ನುವ ಅನ್ನ ಅವರು ಕಲಿಸಿದ ಕಸುಬಿನದು. ಅವರನ್ನು ನಂಬಬೇಕೋ ಬೇಡವೋ ಅನ್ನುವುದೊಂದನ್ನು ಕಲಿಯಲಾಗಲಿಲ್ಲ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಅವರು ತೀರಿಕೊಂಡರು. ಕಾರ್ಯವೆಲ್ಲ ಮುಗಿದ ಮೇಲೆ, ತಡೆಯಲಾರದೆ, ಅವರ ಹೆಂಡತಿಯ ಮುಂದೆ ನ್ಯಾಮತಿಯ ಕತೆ ಬಿಚ್ಚಿ, "ಅವ್ರು ಎಂಥೋರಮ್ಮಾ?" ಎಂದು ಕೇಳಿದೆ.

"ನಾನೇ ನಿನ್ನ ಕೇಳಾಣ ಅಂತಿದ್ನಲ್ಲಪ್ಪಾ," ಎಂದರು ಆಕೆ.